ಮೂವತ್ತನೇ ವಾರದಲ್ಲಿ ಗೈರುಹಾಜರಾದ ಫಾಸ್ಫೋಲಿಪಿಡ್ ಅವರಿಗೆ

ಇವರಿಗೆ,
ಶ್ರೀಯುತ ಫಾಸ್ಫೋಲಿಪಿಡ್ ಮತ್ತು ಬಳಗ,
ಶ್ವಾಸಕೋಶ ಶಾಖೆ,
ಇನ್ನೂ ಹೆಸರಿಡದ ಒಂದು ಹೆಣ್ಣು ಕೂಸು,
ನವಜಾತ ಶಿಶುಗಳ ವಾರ್ಡು.

ಪ್ರತಿ: ಅದೇ ಕೂಸಿನ ಹೃದಯ, ಮೆದುಳು ಮತ್ತು ಪಿತ್ತಕೋಶದ ಶಾಖೆಗಳಿಗೆ, ಮಾಹಿತಿಗಾಗಿ.

ವಿಷಯ: ಕರ್ತವ್ಯಕ್ಕೆ ಹಾಜರಾಗದೆ ಒಂದು ಜೀವದ ಉಸಿರಿಗೆ ತೊಂದರೆ ಉಂಟುಮಾಡಿರುವ ಬಗ್ಗೆ.

ಮಾನ್ಯರೇ,

ತಾವು ನನ್ನ ದೇಹದಲ್ಲಿ ಅರವತ್ತನಾಲ್ಕು ವರ್ಷಗಳಿಂದ ಒಂದು ದಿನವೂ ರಜೆ ಹಾಕದೆ ದುಡಿಯುತ್ತಿದ್ದೀರಿ ಎಂಬ ಸಂಗತಿ ನನಗೆ ಕಳೆದ ಗುರುವಾರವಷ್ಟೇ ತಿಳಿದದ್ದರಿಂದ, ನಮಸ್ಕಾರ ಹೇಳುವುದು ಇಷ್ಟು ತಡವಾದುದಕ್ಕೆ ಮೊದಲು ಕ್ಷಮೆ ಕೋರುತ್ತೇನೆ. ಈ ಪತ್ರ ಬರೆಯುತ್ತಿರುವ ಕೈಯಲ್ಲೂ ಓದುವವರ ಕಣ್ಣಲ್ಲೂ ತಾವೇ ಇರುವ ಕಾರಣ, ಪತ್ರ ನಮಗೆ ತಲುಪಲೇ ಇಲ್ಲ ಎಂದು ತಾವು ಹೇಳುವಂತಿಲ್ಲ. ಆ ಮಾತನ್ನು ನಾನು ಬೇರೆ ಕಚೇರಿಗಳಿಂದ ಬೇಕಾದಷ್ಟು ಕೇಳಿ ತೃಪ್ತನಾಗಿದ್ದೇನೆ.

ನನ್ನ ಹೆಸರು ಗೋಪಾಲಪ್ಪ. ಎಲೆಕ್ಟ್ರಾನಿಕ್ ಸಿಟಿ ಎರಡನೇ ಹಂತದ ಕಾಂಪೌಂಡಿಗೆ ಬೆನ್ನು ಕೊಟ್ಟು ಕುಳಿತಿರುವ ಊರಿನವನು. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಾನು ಹದಿನೆಂಟು ಬಾಡಿಗೆ ಕೋಣೆ ಬೆಳೆದಿದ್ದೇನೆ. ದೂರು ಬರೆಯುವುದು ನನ್ನ ಹವ್ಯಾಸವೆಂದು ಊರವರೂ, ಚಟವೆಂದು ನನ್ನ ಹೆಂಡತಿ ಚನ್ನಕ್ಕನೂ ಹೇಳುತ್ತಾರೆ. ಕಂಪನಿ ಕ್ಯಾಬುಗಳ ಹಾರನ್ನಿನ ವಿರುದ್ಧ ನಾಲ್ಕು, ಹಗಲಲ್ಲಿ ಉರಿದು ಕತ್ತಲಾದ ಮೇಲೆ ಆರುವ ಬೀದಿದೀಪದ ವಿರುದ್ಧ ಏಳು, ಊರಿನಲ್ಲಿ ಅಲೆಯುವ ಹಂದಿಗಳ ವಿರುದ್ಧ ಹನ್ನೊಂದು ಅರ್ಜಿಗಳನ್ನು ಸಂಬಂಧಪಟ್ಟವರಿಗೆ ಸಲ್ಲಿಸಿದ್ದೇನೆ. ಒಂದಕ್ಕೆ ಮಾತ್ರ ಉತ್ತರ ಬಂದಿತ್ತು. ಅದು ಬೇರೆ ಯಾರೋ ಗೋಪಾಲಪ್ಪನವರಿಗೆ ಬರೆದದ್ದಾಗಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕಟ್ಟಡದ ಎರಡನೇ ಮಹಡಿಯ ಹದಿನಾಲ್ಕನೇ ನಂಬರಿನಲ್ಲಿ ಲಿಂಗಸುಗೂರು ಕಡೆಯ ಯಮನಪ್ಪ ಮತ್ತು ಅವನ ಹೆಂಡತಿ ಮಹಾದೇವಿ ಎರಡು ವರ್ಷದಿಂದ ಬಾಡಿಗೆಗಿದ್ದಾರೆ. ಅವನು ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಕಬ್ಬಿಣದ ಬಿಡಿಭಾಗಗಳಿಗೆ ಪಾಲಿಶ್ ಹಿಡಿಯುತ್ತಾನೆ. ಅವಳು ಬಸುರಾಗಿ ಐದು ತಿಂಗಳು ತುಂಬುವವರೆಗೂ ಐಟಿ ಕಂಪನಿಯೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಕಳೆದ ಗುರುವಾರ ಬೆಳಿಗ್ಗೆ ಅವಳಿಗೆ ಈ ಆಸ್ಪತ್ರೆಯಲ್ಲಿ ಮೂವತ್ತನೇ ವಾರದಲ್ಲೇ ಹೆರಿಗೆಯಾಯಿತು. ಕೂಸಿನ ತೂಕ ಒಂದೂಕಾಲು ಕಿಲೋ. ಅದು ಸಣ್ಣಗೆ ಅತ್ತಿತು, ಆದರೆ ಉಸಿರೆಳೆದಾಗಲೆಲ್ಲ ಎದೆ ಉಬ್ಬುವ ಬದಲು ಗುಳಿ ಬೀಳುತ್ತಿತ್ತು. ಡಾಕ್ಟರ್ ಶೋಭಾರಾಣಿಯವರು ಬಂದು, ಶ್ವಾಸಕೋಶವೇನೋ ಇದೆ, ಅದರ ಒಳಗೆ ಸವರಿರಬೇಕಾದ ಲೇಪ ಬಂದಿಲ್ಲ, ಆ ಲೇಪದಲ್ಲಿ ಮುಖ್ಯವಾಗಿ ಇರಬೇಕಾದವರು ತಾವು ಎಂದರು. ನಾನು ತಮ್ಮ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡೆ. ಯಾರ ಮೇಲೆ ದೂರು ಕೊಡುತ್ತೇವೋ ಅವರ ಹೆಸರಿನಲ್ಲಿ ಒಂದಕ್ಷರವೂ ತಪ್ಪಬಾರದು.

ಇವತ್ತು ಆರನೇ ದಿನ, ಮಂಗಳವಾರ. ಹನ್ನೊಂದು ಗಂಟೆಗೆ ಕೂಸಿನ ಉಸಿರಿನ ಯಂತ್ರವನ್ನು ತೆಗೆದು, ತಾನಾಗಿ ಉಸಿರಾಡುತ್ತದೋ ಇಲ್ಲವೋ ನೋಡುತ್ತಾರಂತೆ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹನ್ನೊಂದರೊಳಗೆ ತಾವು ಇದನ್ನು ಓದಿ ಕ್ರಮ ಕೈಗೊಳ್ಳಬೇಕೆಂಬುದೇ ನನ್ನ ಮುಖ್ಯ ಪ್ರಾರ್ಥನೆ, ಉಳಿದದ್ದೆಲ್ಲ ವಿವರ.

ತಮ್ಮ ಬಗ್ಗೆ ತಿಳಿಯದೆ ತಮ್ಮನ್ನು ದೂರುವುದು ಸಭ್ಯತೆಯಲ್ಲವೆಂದು, ಮೊಮ್ಮಗಳು ಕೃಪಾಳಿಂದ ಅವಳ ಹೋದ ವರ್ಷದ ಪಿಯುಸಿ ಜೀವಶಾಸ್ತ್ರದ ಪುಸ್ತಕವನ್ನು ಅಟ್ಟದಿಂದ ತೆಗೆಸಿಕೊಂಡು ಓದಿದೆ. ಅದರ ಪ್ರಕಾರ ತಮಗೆ ಒಂದು ತಲೆ, ಎರಡು ಬಾಲ. ತಲೆಯಲ್ಲಿ ರಂಜಕವಿದೆ, ಅದಕ್ಕೆ ನೀರೆಂದರೆ ಪ್ರಾಣ. ಬಾಲಗಳು ಕೊಬ್ಬಿನವು, ನೀರು ಕಂಡರೆ ಅವಕ್ಕೆ ಆಗದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ನಮ್ಮ ಹಿರಿಯರು ತಮ್ಮನ್ನು ನೋಡಿಯೇ ಕಟ್ಟಿದರೇನೋ. ಇಂಥ ಸ್ವಭಾವ ನಮ್ಮ ಮನೆತನದಲ್ಲಿ ಹುಟ್ಟಿದಾಗ ಪಾಲುಪಟ್ಟಿಗಾಗಿ ಆನೇಕಲ್ ಕೋರ್ಟಿಗೆ ಹದಿನೇಳು ವರ್ಷ ಅಲೆದೆವು. ತಾವು ಮಾತ್ರ ಕೋಟ್ಯಂತರ ಜನ ಸೇರಿ, ಎದುರುಬದುರು ಎರಡು ಸಾಲಾಗಿ ನಿಂತು, ಬಾಲಗಳನ್ನು ನಡುವೆ ಬಚ್ಚಿಟ್ಟು, ಒಂದು ಸಾಲಿನ ತಲೆಗಳನ್ನು ಹೊರಗಿನ ನೀರಿಗೂ ಇನ್ನೊಂದು ಸಾಲಿನ ತಲೆಗಳನ್ನು ಒಳಗಿನ ನೀರಿಗೂ ಒಡ್ಡಿ, ಆ ಜಗಳವನ್ನೇ ಗೋಡೆ ಮಾಡಿಕೊಂಡು ಒಂದೊಂದು ಜೀವಕೋಶವನ್ನೂ ಕಾಯುತ್ತಿದ್ದೀರಿ. ಮೇಸ್ತ್ರಿಯಿಲ್ಲ, ಪ್ಲಾನಿಲ್ಲ, ಮಂಜೂರಾತಿಯಿಲ್ಲ. ನೀರಿಗೆ ಬಿಟ್ಟರೆ ಸಾಕು, ಗೋಡೆ ತಾನಾಗಿ ಎದ್ದು ನಿಲ್ಲುತ್ತದಂತೆ.

ಕಟ್ಟಡ ಕಟ್ಟಿಸಿದವನಾಗಿ ನಾನು ಇದನ್ನು ಎರಡೆರಡು ಸಲ ಓದಿದೆ. ಒಂದು ಕೂದಲಿನ ದಪ್ಪದಲ್ಲಿ ತಮ್ಮ ಹದಿನೈದು ಸಾವಿರ ಗೋಡೆಗಳನ್ನು ಒತ್ತೊತ್ತಾಗಿ ನಿಲ್ಲಿಸಬಹುದಂತೆ. ಸೂಜಿಯಿಂದ ಚುಚ್ಚಿ ತೆಗೆದರೆ ತೂತು ತಾನೇ ಮುಚ್ಚಿಕೊಳ್ಳುತ್ತದಂತೆ. ನಮ್ಮ ಸಂಪಿನ ಗೋಡೆಯ ದಪ್ಪ ಒಂಬತ್ತು ಇಂಚು, ಮೂರು ಸಲ ವಾಟರ್‌ಪ್ರೂಫ್ ಮಾಡಿಸಿದ್ದೇನೆ, ಈಗಲೂ ಜಿನುಗುತ್ತದೆ. ತಮ್ಮಲ್ಲಿ ಒಂದು ತಂಡವನ್ನು ಎರಡು ದಿನದ ಮಟ್ಟಿಗೆ ನಮ್ಮ ಸಂಪಿಗೆ ಕಳಿಸಿಕೊಟ್ಟರೆ ಊಟ, ವಸತಿಯ ಏರ್ಪಾಟು ನನ್ನದು. ತಲೆಗಳು ನೀರಿನ ಕಡೆಗಿರಲಿ ಎಂದು ತಮಗೆ ಹೇಳಿಕೊಡುವ ಉದ್ಧಟತನ ಮಾಡಲಾರೆ.

ತಮ್ಮ ಸಾಲಿನಲ್ಲಿ ಶಿಸ್ತೂ ಇದೆ, ಸಲಿಗೆಯೂ ಇದೆ. ಪಕ್ಕದವರ ಜೊತೆ ಕಣ್ಣು ಮಿಟುಕಿಸುವುದರೊಳಗೆ ಲಕ್ಷ ಸಲ ಜಾಗ ಬದಲಾಯಿಸುತ್ತೀರಿ, ಆದರೆ ಒಳಸಾಲಿನವರು ಹೊರಸಾಲಿಗೆ ಹೋಗಬೇಕಾದರೆ ಅದಕ್ಕೆಂದೇ ಇರುವ ಪ್ರೋಟೀನಿನ ಸಹಾಯ ಬೇಕು. ಉಪ್ಪು, ಸಕ್ಕರೆ ಬಂದರೆ ಇಂಥ ಬಾಗಿಲಿಗೇ ಹೋಗಿ ಎನ್ನುತ್ತೀರಿ. ಉಸಿರಿನ ಗಾಳಿ ಬಂದರೆ ಮಾತ್ರ ಏನೂ ಕೇಳದೆ ದಾರಿ ಬಿಡುತ್ತೀರಿ. ತಾವು ತೀರಾ ಬಿಗಿಯಾಗದಂತೆ, ತೀರಾ ಸಡಿಲವಾಗದಂತೆ ನಡುನಡುವೆ ಕೊಲೆಸ್ಟ್ರಾಲ್ ಕುಳಿತು ನೋಡಿಕೊಳ್ಳುತ್ತದೆಂದೂ ಪುಸ್ತಕದಲ್ಲಿದೆ. ಹಾಗಾದರೆ ಮೂರು ವರ್ಷದಿಂದ ನನ್ನ ಮುದ್ದೆಯ ಮೇಲಿನ ಬೆಣ್ಣೆ ನಿಲ್ಲಿಸಿರುವುದು ಯಾರ ಹಿತಕ್ಕಾಗಿ ಎಂಬ ಪ್ರಶ್ನೆಯನ್ನು ಬೇರೆ ಪತ್ರದಲ್ಲಿ ಕೇಳುತ್ತೇನೆ.

ಇಷ್ಟು ಯೋಗ್ಯತೆಯಿರುವ ತಾವು ಮಾಡಿದ್ದೇನು? ಅದೇ ಕೂಸಿನ ಕಾಲ್ಬೆರಳಲ್ಲಿ, ಕಿವಿಯಲ್ಲಿ, ಹುರುಳಿಕಾಳಿನಷ್ಟಿರುವ ಮೂಗಿನ ತುದಿಯಲ್ಲಿ ತಮ್ಮ ಹಾಜರಾತಿ ಸಂಪೂರ್ಣವಾಗಿದೆ. ಒಂದು ಕಡೆ ಮಾತ್ರ ಇಲ್ಲ. ಡಾಕ್ಟರು ಅದನ್ನು ನನಗೆ ಹೀಗೆ ಬಿಡಿಸಿ ಹೇಳಿದರು: ಶ್ವಾಸಕೋಶದ ತುಂಬ ಸಾಸಿವೆಗಿಂತ ಸಣ್ಣ ಗಾಳಿಗೂಡುಗಳಿವೆ, ಅವುಗಳ ಒಳಮೈಯಲ್ಲಿ ತೆಳುವಾಗಿ ನೀರಿದೆ, ನೀರು ನೀರನ್ನು ಎಳೆದುಕೊಳ್ಳುವುದರಿಂದ ಉಸಿರು ಬಿಟ್ಟ ಕೂಡಲೇ ಗೂಡು ಒದ್ದೆ ಪ್ಲಾಸ್ಟಿಕ್ ಕವರಿನ ಹಾಗೆ ಅಂಟಿಕೊಳ್ಳುತ್ತದೆ. ತಾವು ಆ ನೀರಿನ ಮೇಲೆ ಒಂದೇ ಸಾಲಾಗಿ, ತಲೆಯನ್ನು ನೀರಿಗೆ ಅದ್ದಿ, ಬಾಲಗಳನ್ನು ಗಾಳಿಗೆ ಎತ್ತಿ ನಿಂತರೆ ಎಳೆತ ಸಡಿಲಾಗಿ ಗೂಡು ತೆರೆದೇ ಇರುತ್ತದೆ. ತಾವಿಲ್ಲದಿದ್ದರೆ ಪ್ರತಿ ಉಸಿರಿಗೂ ಹೊಸದಾಗಿ ಬಿಡಿಸಬೇಕು. ಒಂದೂಕಾಲು ಕಿಲೋ ಜೀವ ನಿಮಿಷಕ್ಕೆ ಎಪ್ಪತ್ತು ಸಲ ಅಂಟಿದ ಕವರು ಬಿಡಿಸುವುದನ್ನು ನಾನು ಗಾಜಿನ ಈಚೆಯಿಂದ ನೋಡಿದ್ದೇನೆ. ಅದನ್ನು ನೋಡುತ್ತ ನಾನೂ ಜೊತೆಗೆ ಉಸಿರೆಳೆಯುತ್ತಿದ್ದೆ, ಅದರಿಂದ ಅದಕ್ಕೇನೂ ಉಪಯೋಗವಾಗಲಿಲ್ಲ.

ತಮ್ಮ ಗೈರುಹಾಜರಿಯಲ್ಲಿ ಬದಲಿಗೆ ಕರೆಸಿದ್ದು ಯಾರನ್ನೆಂದು ಬಲ್ಲಿರಾ? ಹಾಲಿನಂಥ ಬಿಳಿ ಔಷಧಿ, ಒಂದು ಟೀ ಚಮಚೆಯೂ ತುಂಬದಷ್ಟು, ಸಣ್ಣ ನಳಿಗೆಯಲ್ಲಿ ನೇರವಾಗಿ ಶ್ವಾಸಕೋಶಕ್ಕೆ ಬಿಟ್ಟರು. ಅದರಲ್ಲಿ ಇದ್ದದ್ದು ತಮ್ಮ ಜಾತಿಯವರೇ, ಆದರೆ ಹಂದಿಯ ಶ್ವಾಸಕೋಶದಿಂದ ತೆಗೆದವರು. ಮನುಷ್ಯರ ಕಡೆಯಿಂದ ಯಾರೂ ಬಾರದಿದ್ದಾಗ, ನಾನು ಹನ್ನೊಂದು ಅರ್ಜಿ ಬರೆದಿದ್ದ ಪ್ರಾಣಿ ಬಂದು ನಿಂತಿತು. ಆ ಹನ್ನೊಂದನ್ನೂ ಈ ಮೂಲಕ ವಾಪಸ್ ಪಡೆಯುತ್ತಿದ್ದೇನೆ. ಅವುಗಳ ಮೇಲೆ ಯಾರೂ ಯಾವ ಕ್ರಮವನ್ನೂ ಕೈಗೊಂಡಿರದ ಕಾರಣ ವಾಪಸಾತಿಗೆ ತೊಡಕಾಗಲಾರದು.

ನ್ಯಾಯವಾಗಿ ತಮ್ಮ ಕಡೆಯ ಮಾತನ್ನೂ ಕೇಳಬೇಕಲ್ಲ. ತಮ್ಮ ಪರವಾಗಿ ಡಾಕ್ಟರೇ ಮಾತಾಡಿದರು. ಸಾಕಷ್ಟು ಸಂಖ್ಯೆಯಲ್ಲಿ ತಾವು ಅಲ್ಲಿ ಸೇರುವುದೇ ಮೂವತ್ತನಾಲ್ಕು, ಮೂವತ್ತೈದನೇ ವಾರದ ಹೊತ್ತಿಗಂತೆ. “ಅವು ಟೈಮಿಗೇ ಬರ್ತವೆ ಸಾರ್, ಮಗು ಬೇಗ ಬಂದ್ಬಿಡ್ತು” ಎಂದರು. ಯಾಕೆ ಬೇಗ ಬಂತು ಎಂದು ಕೇಳುವುದು ಅರ್ಜಿದಾರನ ಧರ್ಮ. ಕೇಳದೆ ಮನೆಗೆ ಹೋಗಿದ್ದರೆ ಜಾಣತನವಾಗುತ್ತಿತ್ತು.

ಇಲ್ಲಿಂದ ಮುಂದಿನದು ತಮಗೆ ಸಂಬಂಧಪಟ್ಟದ್ದಲ್ಲ, ಆದರೂ ದಾಖಲೆಯಲ್ಲಿರಲಿ ಎಂದು ಬರೆಯುತ್ತಿದ್ದೇನೆ. ನಮ್ಮ ಕಟ್ಟಡದ ಮೆಟ್ಟಿಲಿನ ಬುಡದಲ್ಲಿ, ಕೋಣೆಗೆ ಎರಡೇ ತಲೆ ಎಂದು ನೀಲಿ ಬಣ್ಣದಲ್ಲಿ ಬರೆಸಿದ್ದೇನೆ. ಇದು ದುಷ್ಟತನವಲ್ಲ. ಬೋರಿನಲ್ಲಿ ನೀರಿಲ್ಲ, ಟ್ಯಾಂಕರು ಬಂದರೆ ಉಂಟು, ತಲೆ ಎಣಿಸದಿದ್ದರೆ ಹದಿನೆಂಟು ಕೋಣೆಗೆ ಬೆಳಿಗ್ಗೆ ಎಂಟಕ್ಕೇ ನಲ್ಲಿ ಒಣಗುತ್ತದೆ. ಮಹಾದೇವಿ ಬಸುರಿ ಎಂದು ತಿಳಿದಾಗ ನಾನು ನಮ್ಮಲ್ಲಿ ಎಲ್ಲರೂ ಹಾಕುವ ಲೆಕ್ಕವನ್ನೇ ಹಾಕಿದೆ: ಚೊಚ್ಚಲ ಹೆರಿಗೆ ತವರಿನಲ್ಲಿ, ಏಳನೇ ತಿಂಗಳಲ್ಲಿ ಸೀಮಂತದ ಕುಬುಸ ಮಾಡಿ ತವರಿನವರು ಕರೆದುಕೊಂಡು ಹೋಗುತ್ತಾರೆ, ಐದು ತಿಂಗಳು ಅವಳು ಇತ್ತ ಬರುವುದಿಲ್ಲ, ಬಂದಾಗ ತಲೆ ಮೂರಾಗಿರುತ್ತದೆ. ಹಾಗಾಗಿ ಹದಿನಾಲ್ಕನೇ ನಂಬರನ್ನು ತಿಂಗಳ ಕೊನೆಯಿಂದ ಇಬ್ಬರು ವೆಲ್ಡರುಗಳಿಗೆ ಕೊಡುತ್ತೇನೆಂದು ಮಾತು ಕೊಟ್ಟೆ. ಹೇಗೂ ಹೆಂಡತಿ ಊರಿಗೆ ಹೋಗುತ್ತಾಳೆ, ನೀನು ಸ್ನೇಹಿತರ ಜೊತೆ ಸೇರಿಕೋ ಎಂದು ಯಮನಪ್ಪನಿಗೆ ಮೆಟ್ಟಿಲ ಮೇಲೆ ನಿಂತೇ ಹೇಳಿದೆ. ಅವನು “ಆತ್ರಿ” ಎಂದಷ್ಟೇ ಅಂದು ಹೋದ.

ಮಹಾದೇವಿಗೆ ತಾಯಿಯಿಲ್ಲ. ಅವಳಿಗೆ ಮೂರು ವರ್ಷವಿದ್ದಾಗಲೇ ತೀರಿಕೊಂಡರಂತೆ. ಇರುವ ಒಬ್ಬ ಅಣ್ಣ ಪುಣೆಯಲ್ಲಿ ಗಾರೆ ಕೆಲಸಕ್ಕಿದ್ದಾನೆ. ಕುಬುಸ ತರುವವರೂ ಇಲ್ಲ, ಕರೆದೊಯ್ಯುವವರೂ ಇಲ್ಲ. ನನ್ನ ತಲೆಯ ಮೇಲಿನ ಮಹಡಿಯಲ್ಲೇ ಎರಡು ವರ್ಷ ಓಡಾಡಿದವಳ ಬಗ್ಗೆ ನನಗೆ ಇದು ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ಹೆಣ್ಣಿಗೆ ತವರು ಇದ್ದೇ ಇರುತ್ತದೆಂದು ತಿಳಿದುಕೊಂಡಿದ್ದೆ.

ಬುಧವಾರ ಯಮನಪ್ಪ ಕೆಲಸಕ್ಕೆ ಹೋದ ಮೇಲೆ ಅವಳು ಸಾಮಾನು ಇಳಿಸತೊಡಗಿದಳು. ಜಿಗಣಿ ಹತ್ತಿರ ಎಲ್ಲೋ ಒಂದು ಕೋಣೆ ನೋಡಿದ್ದರಂತೆ, ಸಂಜೆ ಸಾಮಾನಿನ ಆಟೋ ಬರುವುದಿತ್ತಂತೆ. ನಾನು ಕೆಳಗೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದೆ. ಅವಳು ಅಕ್ಕಿ ಡಬ್ಬ ಇಳಿಸಿದಳು, ಒಲೆ ಇಳಿಸಿದಳು, ನೀರಿನ ಡ್ರಮ್ಮು ಇಳಿಸಿದಳು. ಮೂರು ಸಲವೂ ನಾನು ನೋಡಿದೆ. ಪರವಾಗಿಲ್ಲ, ಹೇಳಿದ ಮಾತು ಕೇಳುವ ಜನ ಎಂದುಕೊಂಡು ಪುಟ ತಿರುಗಿಸಿದೆ. ನಾಲ್ಕನೇ ಸಲ ಕಬ್ಬಿಣದ ಟ್ರಂಕು ಹಿಡಿದು ಬಂದವಳು ಮೆಟ್ಟಿಲ ತಿರುವಿನಲ್ಲಿ ಕುಳಿತುಬಿಟ್ಟಳು. ಅವಳ ಕೈ ಹಿಡಿದು ಎಬ್ಬಿಸಿ, ಆಟೋ ನಿಲ್ಲಿಸಿ, ಆಸ್ಪತ್ರೆಗೆ ಕರೆದೊಯ್ದದ್ದು ಚನ್ನಕ್ಕ.

ಭಾರ ಎತ್ತಿದ್ದರಿಂದಲೇ ಹೀಗಾಯಿತೆಂದು ಹೇಳಲಾಗದು, ರಕ್ತ ಕಡಿಮೆಯಿತ್ತು, ಸೋಂಕೂ ಇದ್ದಿರಬಹುದು, ಕಾರಣಗಳು ಹಲವು ಎಂದು ಡಾಕ್ಟರು ಹೇಳಿದರು. ಆ ಮಾತೊಂದನ್ನೇ ನೆಚ್ಚಿಕೊಂಡು ಎರಡು ದಿನ ಕಳೆದೆ, ಯಾರು ಕೇಳಿದರೂ ಕೇಳದಿದ್ದರೂ ಹೇಳಿದೆ, ಚನ್ನಕ್ಕನಿಗೆ ನಾಲ್ಕು ಸಲ ಹೇಳಿದೆ. ಐದನೇ ಸಲಕ್ಕೆ ಅವಳು ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ, “ನಿಮ್ದು ಎಲ್ಡು ತಲೆ ಲೆಕ್ಕ ಅಲ್ವಾ, ಒಟ್ಟೆ ಒಳಗಿದ್ದಿದ್ದು ಅರ್ಧವೋ ಒಂದೋ?” ಎಂದು ಕೇಳಿದಳು. ಕೇಳಿ ಮತ್ತೆ ಸೊಪ್ಪು ಬಿಡಿಸಿದಳು. ತಪ್ಪು ನನ್ನದು, ನನಗೆ ನಾಚಿಕೆಯಾಗಿದೆ. ಇಷ್ಟನ್ನು ಬರೆಯಲು ಮೂರು ಹಾಳೆ ತಮ್ಮನ್ನು ಬೈಯಬೇಕಾಯಿತು.

ಆದರೂ ದೂರು ದೂರೇ, ಬೇಡಿಕೆಗಳಿಲ್ಲದೆ ಮುಗಿಸುವ ಪದ್ಧತಿ ನನ್ನಲ್ಲಿಲ್ಲ. ಇನ್ನು ಮುಂದೆ ತವರಿರುವ ಹೆಂಗಸರ ಮಕ್ಕಳಿಗೆ ತಾವು ಮೂವತ್ತೈದನೇ ವಾರಕ್ಕೇ ಬನ್ನಿ, ಅಭ್ಯಂತರವಿಲ್ಲ. ತವರಿಲ್ಲದವರ ಮಕ್ಕಳಿಗೆ ಇಪ್ಪತ್ತೆಂಟಕ್ಕೇ ಬಂದು ಕಾದಿರಬೇಕು. ಬಾಡಿಗೆ ಮನೆಯ ಮಾಲೀಕರು ಯಾವ ವಾರದಲ್ಲಿ ಏನು ಹೇಳುತ್ತಾರೆಂದು ಯಾರಿಂದಲೂ ಊಹಿಸಲಾಗದು. ಅಲ್ಲದೆ ನನ್ನ ಎರಡೂ ಶ್ವಾಸಕೋಶಗಳಲ್ಲಿ ತಮ್ಮ ಸಿಬ್ಬಂದಿ ಧಾರಾಳವಾಗಿದ್ದಾರೆ. ನಾನು ಬೀಡಿ ಬಿಟ್ಟು ಹದಿನೈದು ವರ್ಷವಾಯಿತು, ಕೆಲಸವೂ ಹೆಚ್ಚಿಲ್ಲ, ಮೆಟ್ಟಿಲು ಹತ್ತುವುದನ್ನೂ ನಿಲ್ಲಿಸಿದ್ದೇನೆ. ಅವರಲ್ಲಿ ಅರ್ಧ ಜನರನ್ನು ಹನ್ನೊಂದು ಗಂಟೆಯೊಳಗೆ ಆ ಕೂಸಿಗೆ ವರ್ಗ ಮಾಡಿಕೊಡಬೇಕು. ಡಾಕ್ಟರನ್ನು ಕೇಳಿದೆ, ಹಾಗೆಲ್ಲ ಆಗುವುದಿಲ್ಲ ಎಂದು ನಕ್ಕರು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಅವರ ಹಂತದಲ್ಲಿ ಆಗದ್ದು ತಮ್ಮ ಹಂತದಲ್ಲಿ ಆಗಬಹುದೆಂದು ನಂಬಿದ್ದೇನೆ. ಕೂಸಿನ ಸ್ವಂತ ಸಿಬ್ಬಂದಿ ಇಷ್ಟು ದಿನದಲ್ಲಿ ತಯಾರಾಗಿರಬೇಕು ಎಂದೂ ಅವರು ಹೇಳಿದ್ದಾರೆ; ತಯಾರಾಗಿದ್ದರೆ ದಯವಿಟ್ಟು ತಡಮಾಡಬೇಡಿ.

ಹತ್ತು ಐವತ್ತೈದು. ನರ್ಸಮ್ಮ ಒಳಗೆ ಹೋದರು. ಬೆಂಚಿನ ಆ ತುದಿಯಲ್ಲಿ ಮಹಾದೇವಿ ಕುಳಿತಿದ್ದಾಳೆ, ಯಮನಪ್ಪ ಗೋಡೆಗೆ ಒರಗಿ ನಿಂತಿದ್ದಾನೆ. ಆರು ದಿನದಿಂದ ಅವರಿಬ್ಬರೂ ನನಗೆ ಒಂದು ಕೆಟ್ಟ ಮಾತೂ ಆಡಿಲ್ಲ. ಆಡಿದ್ದರೆ ನಾನು ತಮಗೆ ಬರೆಯುತ್ತಿರಲಿಲ್ಲ.

ಹನ್ನೊಂದು ಗಂಟೆಯವರೆಗಂತೂ ತಮ್ಮ ವಿಶ್ವಾಸಿ,
ಗೋಪಾಲಪ್ಪ

ಬರೆಯಲು ಉಳಿದದ್ದು: ಹನ್ನೊಂದೂಕಾಲಿಗೆ ಯಂತ್ರ ತೆಗೆದರು. ಹನ್ನೆರಡರವರೆಗೆ ನೋಡಿದರು. ತಾವು ಬಂದಿದ್ದೀರಿ; ಆರು ದಿನ ಮೊದಲೇ ಬರಬಹುದಾಗಿತ್ತು ಎಂಬ ನನ್ನ ಅಸಮಾಧಾನವನ್ನು ಉಳಿಸಿಕೊಂಡೇ ಕೃತಜ್ಞತೆ ಹೇಳುತ್ತೇನೆ. ಕೂಸಿಗೆ ಎದೆಹಾಲು ಹಿಂಡಿ ಕೊಡಲು ಒಳಗೆ ಹೋಗಿದ್ದ ಮಹಾದೇವಿ ಹೊರಗೆ ಬಂದು, ಮೊದಲ ಸಲ ನನ್ನ ಹತ್ತಿರ ನಿಂತು ಮಾತಾಡಿದಳು. “ಕೂಸು ತಾನ ಉಸುರಾಡಾಕತ್ತೈತ್ರಿ ಮಾಲಕ್ರ. ಖೋಲಿ ಯಾವತ್ತ ಬಿಡಬೇಕ್ರಿ?” ಎಂದು ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದಳು. ಬಿಡುವುದೇನೂ ಬೇಡಮ್ಮ, ಎಷ್ಟು ದಿನವಾದರೂ ಮೂವರೂ ಇರಿ ಎಂದೆ. ಅವಳು ನನ್ನ ಕೈಯಲ್ಲಿದ್ದ ಪೆನ್ನನ್ನು ನೋಡಿ, “ಹಂಗಂದ್ರ ಬರದು ಕೊಡ್ರಿ” ಅಂದಳು. ಬರೆದು, ದಿನಾಂಕ ಹಾಕಿ, ಸಹಿ ಮಾಡಿ ಕೊಟ್ಟಿದ್ದೇನೆ. ಅದಕ್ಕಾಗಿ ಈ ಪತ್ರದ ಕೊನೆಯ ಹಾಳೆಯನ್ನೇ ಹರಿಯಬೇಕಾದ್ದರಿಂದ, ಅದರಲ್ಲಿ ಬರೆಯಬೇಕೆಂದಿದ್ದ ತಮ್ಮ ಮೇಲಿನ ಉಳಿದ ಆರು ದೂರುಗಳು ಇಲ್ಲಿಲ್ಲ.